ನಾನು ಪಾಸಾದ ಕಿವಿ ಪರೀಕ್ಷೆ

ನಮ್ಮ ಮನೆಯಲ್ಲಿ ಏನಿದ್ದರೂ ಪಾಸು, ಇಲ್ಲವೇ ಫೇಲು. ನಡುವೆ ಇನ್ನೊಂದು ಜಾಗ ಇರಲಿಲ್ಲ. ಪಪ್ಪ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ನಮ್ಮ ತಾಯಿ, ಅಂದರೆ ಮಾಂಯ್, ಮದುವೆಗೆ ಮುಂಚೆ ಎರಡು ವರ್ಷ ಟೀಚರಾಗಿದ್ದವಳು. ಆ ಎರಡು ವರ್ಷವನ್ನು ಜೀವಮಾನವಿಡೀ ಮರೆಯಲಿಲ್ಲ. ಪಪ್ಪನ ತಾಯಿಯನ್ನು ನಾವು ವ್ಹಡ್ಲಿಮಾಂಯ್ ಎಂದು ಕರೆಯುತ್ತಿದ್ದೆವು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಆದರೂ ಸೊಸೆ ಮಾಡಿದ ಬಂಗುಡೆ ಸಾರಿಗೆ ದಿನಾ ಅಂಕ ಹಾಕುತ್ತಿದ್ದರು, ಅದೂ ಬಹಳ ಕಡಿಮೆ ಅಂಕ. ಅಕ್ಕ ಐರಿನ್ ಎಲ್ಲದರಲ್ಲೂ ಪಾಸು. ಎರಡನೆಯವಳು ನಾನು, ಎಮಿಲಿ. ನನ್ನ ಬಗ್ಗೆ ಮನೆಯವರ ಅಭಿಪ್ರಾಯ ಒಂದೇ ಆಗಿತ್ತು: ಬುದ್ಧಿ ಉಂಟು, ಆದರೆ ಯಾರ ಮಾತನ್ನೂ ಕಿವಿಯ ಮೇಲೆ ಹಾಕಿಕೊಳ್ಳುವುದಿಲ್ಲ.

ಮಂಗಳೂರಿನ ಜೆಪ್ಪುವಿನಲ್ಲಿ ನದಿಯ ಕಡೆಗೆ ಇಳಿಯುವ ಗುಡ್ಡದ ಮೇಲೆ ನಮ್ಮ ಹೆಂಚಿನ ಮನೆ. ಎದುರಿಗೆ ಉದ್ದ ಜಗಲಿ, ಒಳಗೆ ಕೆಂಪು ನೆಲದ ಚಾವಡಿ, ಚಾವಡಿಯ ಗೋಡೆಗೆ ಹೊಡೆದ ಮರದ ಹಲಗೆಯ ಮೇಲೆ ದೇವರ ಆಲ್ತಾರು, ಅದರ ಹಿಂದೆ ಎರಡು ಕೋಣೆ, ಕೊನೆಗೆ ಹೊಗೆ ಹಿಡಿದ ಅಡುಗೆಮನೆ. ಜಗಲಿಯಲ್ಲಿ ನಿಂತರೆ ಕೆಳಗೆ ನೇತ್ರಾವತಿ, ಆಚೆ ದಡದಲ್ಲಿ ಉಳ್ಳಾಲದ ತೆಂಗಿನ ತಲೆಗಳು ಕಾಣುತ್ತಿದ್ದವು. ಮನೆಯಲ್ಲಿ ಮಾತು ಕೊಂಕಣಿ, ಕೆಲಸದವರ ಜೊತೆ ತುಳು, ಪಪ್ಪನ ಬೈಗುಳ ಮಾತ್ರ ಇಂಗ್ಲಿಷ್. ಇಲ್ಲಿ ಎಲ್ಲರ ಬಾಯಲ್ಲೂ ಕನ್ನಡವನ್ನೇ ಇಟ್ಟಿದ್ದೇನೆ. ಅವರು ಆಡಿದ್ದರಲ್ಲಿ ಅರ್ಧ ನನಗೆ ಕೇಳಿಸಿಯೇ ಇಲ್ಲವಾದ್ದರಿಂದ, ಯಾವ ಭಾಷೆಯಲ್ಲಿ ಇಟ್ಟರೂ ಅನ್ಯಾಯವೇನೂ ಆಗಲಾರದು.

ನನಗೆ ಏನು ಕೇಳುತ್ತಿತ್ತು, ಏನು ಕೇಳುತ್ತಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆಗ ಇದನ್ನು ಹೇಳಲು ನನ್ನ ಹತ್ತಿರ ಮಾತು ಇರಲಿಲ್ಲ. ದಪ್ಪ ಸದ್ದುಗಳೆಲ್ಲ ಕೇಳುತ್ತಿದ್ದವು. ಹೆಂಚಿನ ಕಾರ್ಖಾನೆಯ ಕೂಗು, ಇಗರ್ಜಿಯ, ಅಂದರೆ ಚರ್ಚಿನ, ದೊಡ್ಡ ಗಂಟೆ, ಬಸ್ಸು, ಗುಡುಗು, ಪಪ್ಪನ ಕೆಮ್ಮು. ಚೂಪಾದ ಸಣ್ಣ ಸದ್ದುಗಳು ನನ್ನ ಪಾಲಿಗೆ ಇರಲೇ ಇಲ್ಲ. ಜೀರುಂಡೆ ಕೂಗುತ್ತದೆ ಎಂದು ನನಗೆ ತಿಳಿದದ್ದು ಪುಸ್ತಕದಿಂದ. ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವುದು ಬರೀ ನೋಡುವ ವಿಷಯ ಎಂದುಕೊಂಡಿದ್ದೆ. ಮಾತಿನಲ್ಲಿಯೂ ಹಾಗೇ, ಗುಂಯ್ ಎಂಬ ದಪ್ಪ ಭಾಗ ಬರುತ್ತಿತ್ತು, ಮಾತನ್ನು ಮಾತಾಗಿ ಬಿಡಿಸುವ ಚೂಪು ಭಾಗ ಬರುತ್ತಿರಲಿಲ್ಲ. ಉಳಿದದ್ದನ್ನು ಮುಖ ನೋಡಿ ತುಂಬಿಸಿಕೊಳ್ಳುತ್ತಿದ್ದೆ. ಎಲ್ಲರೂ ಹಾಗೇ ಮಾಡುತ್ತಾರೆ, ನನಗಿಂತ ಚುರುಕಾಗಿ ಮಾಡುತ್ತಾರೆ, ನಾನು ದಡ್ಡಿ ಎಂದು ನಂಬಿದ್ದೆ. ಮಳೆಗಾಲ ಒಂದೇ ನನಗೆ ಸುಖ. ಹೆಂಚಿನ ಮೇಲೆ ಮಳೆ ಬಡಿಯಲು ಶುರುವಾದರೆ ಮನೆಯವರೆಲ್ಲ ಎದುರುಬದುರು ನಿಂತು, ಬಾಯಿ ಅಗಲ ಮಾಡಿ, ಕೈ ಆಡಿಸಿ ಮಾತಾಡುತ್ತಿದ್ದರು. ಆ ಮೂರು ತಿಂಗಳು ನನಗೆ ಬೈಗುಳ ಕಡಿಮೆ.

ಉಳಿದ ದಿನಗಳಲ್ಲಿ ಅಡುಗೆಮನೆಯಿಂದ ಮಾಂಯ್ ಕರೆದರೆ ನಾನು ಹೋಗುತ್ತಿರಲಿಲ್ಲ. ಬೆನ್ನ ಹಿಂದೆ ಪಪ್ಪ ಕೇಳಿದ ಲೆಕ್ಕಕ್ಕೆ ಉತ್ತರ ಕೊಡುತ್ತಿರಲಿಲ್ಲ. ಆದರೆ ಪಪ್ಪನೇ ಎದುರು ಕೂತು ಕೇಳಿದರೆ ಪಟ್ಟಂತ ಹೇಳುತ್ತಿದ್ದೆ. ಇದರಿಂದ ಅವರು ತೆಗೆದ ತೀರ್ಮಾನ, ಹುಡುಗಿಗೆ ಬೇಕಾದಾಗ ಮಾತ್ರ ಕೇಳುತ್ತದೆ ಎಂದು. ಕಿವಿಯದ್ದೇ ತೊಂದರೆ ಇರಬಹುದಾ ಎಂಬ ಪ್ರಶ್ನೆ ಒಮ್ಮೆ ಮಾಂಯ್ ಎತ್ತಿದಳು. ಆಗ ವ್ಹಡ್ಲಿಮಾಂಯ್ ಕಂಚಿನ ತಟ್ಟೆ, ಸೌಟು ಹಿಡಿದು ನನ್ನ ಹಿಂದೆ ಬಂದು ಧಡಾರನೆ ಬಡಿದರು. ನಾನು ಬೆಚ್ಚಿಬಿದ್ದೆ. ಆ ಬಡಿತಕ್ಕೆ ಇಗರ್ಜಿಯಲ್ಲಿ ಮಲಗಿದ್ದ ಸಂತರೂ ಎದ್ದು ಕೂರುತ್ತಿದ್ದರು.

"ನೋಡು, ಎಂತ ಕಿವುಡು? ಕಾಲು ಮೈಲಿಯ ಕೂಗು ಕೇಳ್ತದೆ ಇವಳಿಗೆ. ಕೇಳದ್ದು ನಿನ್ನ ಮಾತು ಮಾತ್ರ," ಎಂದರು ಸೊಸೆಗೆ.

ಪಪ್ಪನ ಪರೀಕ್ಷೆ ಹೆಚ್ಚು ಶಾಸ್ತ್ರೀಯ. ಕೈಗಡಿಯಾರ ಬಿಚ್ಚಿ ನನ್ನ ಕಿವಿಯ ಹತ್ತಿರ ಹಿಡಿದು ಕೇಳ್ತದಾ ಎಂದರು. ಅವರ ಹುಬ್ಬು ಮೇಲೆ ಹೋಗಿತ್ತು. ಹುಬ್ಬು ಮೇಲೆ ಹೋದರೆ ಬೇಕಾದ ಉತ್ತರ ಹೌದು ಎಂದು ನನಗೆ ಗೊತ್ತಿತ್ತು. ಕೇಳ್ತದೆ ಎಂದೆ. ಗಡಿಯಾರ ಇನ್ನಷ್ಟು ದೂರ ಹೋಯಿತು, ಹುಬ್ಬು ಅಲ್ಲೇ ಇತ್ತು. ಕೇಳ್ತದೆ. ಗಡಿಯಾರ ಟಿಕ್ ಟಿಕ್ ಎನ್ನಬೇಕು ಎಂಬುದೇ ಆ ತನಕ ನನಗೆ ಗೊತ್ತಿರಲಿಲ್ಲ. ಇನ್ನು ಮೂರನೆಯ ಸಾಕ್ಷಿ ಸಂಜೆಯ ತೇರ್ಸು. ದಿನಾ ದೀಪ ಹಚ್ಚಿದ ಮೇಲೆ ಮನೆಯವರೆಲ್ಲ ಆಲ್ತಾರಿನ ಎದುರು ಮೊಣಕಾಲೂರಿ ಜಪಮಾಲೆ ಹೇಳಬೇಕು. ಒಬ್ಬರು ಅರ್ಧ ಪ್ರಾರ್ಥನೆ ಹೇಳಿದರೆ ಉಳಿದವರು ಉಳಿದರ್ಧ ಹೇಳುವುದು ಕ್ರಮ. ಮುಂದೆ ಏನು ಬರುತ್ತದೆಂದು ಮೊದಲೇ ಗೊತ್ತಿರುವ ಮಾತು ಇಡೀ ದಿನದಲ್ಲಿ ಅದೊಂದೇ, ಹಾಗಾಗಿ ತೇರ್ಸಿನಲ್ಲಿ ನನ್ನಷ್ಟು ಗಟ್ಟಿಯಾಗಿ, ಸಮಯಕ್ಕೆ ಸರಿಯಾಗಿ ಉತ್ತರಿಸುವವರು ಮನೆಯಲ್ಲಿ ಇರಲಿಲ್ಲ. ಇಷ್ಟು ಚಂದ ತೇರ್ಸ್ ಹೇಳುವ ಹುಡುಗಿಗೆ ಕಿವಿ ಇಲ್ಲವಾ ಎಂದು ಪಪ್ಪ ಮಾತು ಮುಗಿಸಿದರು. ಮೂರು ಪರೀಕ್ಷೆ, ಮೂರೂ ಪಾಸು. ಇವತ್ತು ನೆನೆದರೂ ನನಗೆ ಮೈ ಉರಿಯುತ್ತದೆ.

ಇದನ್ನು ಒಪ್ಪದವಳು ಒಬ್ಬಳೇ, ಮಾಂಯ್‌ನ ತಂಗಿ ಹಿಲ್ಡಾ ಮಾವ್ಶಿ. ಅವಳು ನರ್ಸು. ರಜೆ ಸಿಕ್ಕಿದಾಗ ಬಂದು ನಮ್ಮಲ್ಲಿ ಎರಡು ದಿನ ಇರುತ್ತಿದ್ದಳು. ಒಂದು ಮಧ್ಯಾಹ್ನ ನಾನು ಜಗಲಿಯ ಮೆಟ್ಟಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದೆ. ಮಾವ್ಶಿ ಹಿಂದಿನಿಂದ ಬಂದು, ಸದ್ದು ಮಾಡದೆ ನಿಂತು, ಪಿಸುದನಿಯಲ್ಲಿ ಹೇಳಿದಳಂತೆ:

"ಎಮಿಲಿ, ನಿನ್ನ ತಲೆಯ ಮೇಲೆ ಜಿರಳೆ ಉಂಟು."

ಜಿರಳೆ ಎಂದರೆ ನಾನು ಮನೆ ಬಿಟ್ಟು ಓಡುವವಳು. ಅವತ್ತು ಹಾಯಾಗಿ ಬೀಜ ತೆಗೆಯುತ್ತಲೇ ಇದ್ದೆ. ಮಾವ್ಶಿ ಮೂರು ಸಲ ಹೇಳಿದಳಂತೆ. ಚಾವಡಿಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ ವ್ಹಡ್ಲಿಮಾಂಯ್‌ಗೆ ಮಾತ್ರ ಬೇರೆಯೇ ಅರ್ಥವಾಯಿತು.

"ಎಂಥ ಹಟಮಾರಿ ನೋಡು. ಜಿರಳೆಗೂ ಜಗ್ಗುವುದಿಲ್ಲ."

ಆ ದಿನ ಅಕ್ಕತಂಗಿಯರ ನಡುವೆ, ಅತ್ತೆಸೊಸೆಯರ ನಡುವೆ, ಕೊನೆಗೆ ಪಪ್ಪ ಮತ್ತು ಮಾವ್ಶಿಯ ನಡುವೆ ದೊಡ್ಡ ಜಗಳವಾಯಿತು. ಯಾರ ಬಾಯಿ ನೋಡುವುದೆಂದು ತಿಳಿಯದೆ ನನಗೆ ಕತ್ತು ನೋವು ಬಂತು. ನನ್ನ ವಿಷಯಕ್ಕೇ ಜಗಳ, ನನಗೇ ಗೊತ್ತಾಗದ ಜಗಳ. ಕೊನೆಗೆ ತೀರ್ಮಾನವಾದದ್ದು ಇಷ್ಟು: ದೊಡ್ಡಾಸ್ಪತ್ರೆಯೊಂದರಲ್ಲಿ ಕಿವಿ ಪರೀಕ್ಷೆಗೆ ಹೊಸ ಮಿಶನ್ ಬಂದಿದೆ, ಮಾವ್ಶಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು, ಮಿಶನ್ ಏನು ಹೇಳುತ್ತದೋ ಅದನ್ನು ಎಲ್ಲರೂ ಒಪ್ಪಬೇಕು.

ಪರೀಕ್ಷೆ ಎಂಬ ಶಬ್ದ ನಮ್ಮ ಮನೆಯೊಳಗೆ ಬಂದದ್ದೇ ತಪ್ಪಾಯಿತು. ಮಾಂಯ್ ಒಂಬತ್ತು ದಿನದ ನೊವೆನಾ ಪ್ರಾರ್ಥನೆ ಶುರು ಮಾಡಿದಳು. ದಿನಾ ತೇರ್ಸ್ ಮುಗಿದ ಮೇಲೆ ಒಂದು ಮೊಂಬತ್ತಿ ಹೆಚ್ಚು ಹಚ್ಚಿ, ಎಮಿಲಿ ಕಿವಿ ಪರೀಕ್ಷೆಯಲ್ಲಿ ಪಾಸಾಗಲಿ ಎಂದು ಮನೆಯವರೆಲ್ಲ ಸೇರಿ ಬೇಡಿಕೊಂಡೆವು. ನಾನೂ ಬೇಡಿಕೊಂಡೆ. ಇದು ಫೇಲಾಗಬೇಕಾದ ಪರೀಕ್ಷೆ, ಫೇಲಾದರೆ ಮಾತ್ರ ನಾನು ಉಳಿಯುತ್ತೇನೆ ಎಂದು ಒಬ್ಬರಿಗೂ ಹೊಳೆಯಲಿಲ್ಲ; ಮೇಷ್ಟ್ರ ಮನೆಯಲ್ಲಿ ಅದು ಹೊಳೆಯುವ ವಿಷಯವೇ ಅಲ್ಲ. ಹೊರಡುವ ದಿನ ಪಪ್ಪ ನನ್ನ ಜಡೆ ಸರಿಮಾಡಿ ಎದುರು ಕೂರಿಸಿಕೊಂಡರು.

"ಹೆದರಬೇಡ. ಪೂರಾ ಗಮನ ಕೊಡು. ಒಂದೂ ಬಿಟ್ಟುಹೋಗಬಾರದು, ಗೊತ್ತಾಯ್ತಾ?"

ಗೊತ್ತಾಯ್ತು ಎಂದೆ. ಬಸ್ಸಿನಲ್ಲಿ ಹಂಪನಕಟ್ಟೆಗೆ ಹೋಗಿ, ಅಲ್ಲಿಂದ ನಡೆದು ಆಸ್ಪತ್ರೆ ಮುಟ್ಟಿದೆವು. ಮೊದಲು ಡಾಕ್ಟರು ಎರಡು ಕವಲಿನ ಉಕ್ಕಿನ ಕಡ್ಡಿಯೊಂದನ್ನು ಮೊಣಕೈಗೆ ಬಡಿದು, ಅದು ನಡುಗುತ್ತಿರುವಾಗ ನನ್ನ ಕಿವಿಯ ಹಿಂದಿನ ಮೂಳೆಗೆ ಇಟ್ಟರು. ಆಮೇಲೆ ಕಿವಿಯ ಬಾಯಿಗೆ ಹಿಡಿದರು. ಆಮೇಲೆ ಹಣೆಯ ನಡುವೆ ಇಟ್ಟು ಸದ್ದು ಯಾವ ಕಡೆ ಎಂದು ಕೇಳಿದರು. ಅದು ದಪ್ಪ ಸದ್ದು, ನಿಜವಾಗಿಯೂ ಕೇಳಿಸಿತು. ಆಮೇಲೆ ಮಿಶನ್ನಿನ ಕೋಣೆ. ಮಾವ್ಶಿಯನ್ನು ಹೊರಗೆ ಕೂರಿಸಿದರು. ಅದನ್ನು ನಡೆಸುವ ಹುಡುಗ ಹೊಸಬ. ನನ್ನ ತಲೆಗೆ ಎರಡು ಕಪ್ಪು ಮುಚ್ಚಳದ ಫೋನು ಸಿಕ್ಕಿಸಿದ. ಒಂದೊಂದು ಕಿವಿಗೆ ಬೇರೆಬೇರೆಯಾಗಿ, ದಪ್ಪದಿಂದ ತೆಳುವಿನವರೆಗೆ ಸದ್ದು ಬಿಡುತ್ತೇನೆ, ಕೇಳಿದ ಕೂಡಲೇ ಬೆರಳು ಎತ್ತು, ಸದ್ದು ಎಷ್ಟು ಸಣ್ಣದಾದರೂ ಎತ್ತು ಎಂದ. ಆಮೇಲೆ ನನ್ನ ಬೆನ್ನ ಹಿಂದೆ ಹೋಗಿ ಮಿಶನ್ನಿನ ಎದುರು ಕೂತ. ನನಗೆ ಅವನ ಕೈ ಕಾಣಬಾರದೆಂದೇ ಆ ಏರ್ಪಾಡು. ಆದರೆ ನನ್ನ ಎದುರಿಗೆ ಔಷಧಿಯ ಕಪಾಟು ಇತ್ತು. ಅದರ ಗಾಜಿನಲ್ಲಿ ಅವನು, ಮಿಶನ್ನು, ಗುಂಡಿ ಒತ್ತುವ ಬೆರಳು, ಎಲ್ಲ ಸ್ಪಷ್ಟ.

ಮೊದಲ ಸದ್ದುಗಳು ಕೇಳಿದವು. ಆಮೇಲೆ ಅವನ ಬೆರಳು ಒತ್ತಿತು, ನನಗೇನೂ ಕೇಳಲಿಲ್ಲ. ಒಂದು ಬಿಟ್ಟುಹೋಯಿತಲ್ಲ ಎಂದು ಹೆದರಿದೆ. ಪಪ್ಪನ ಮುಖ, ಮಾಂಯ್‌ನ ಒಂಬತ್ತು ಮೊಂಬತ್ತಿ ಕಣ್ಣೆದುರು ಬಂದವು. ಮುಂದಿನ ಸಲ ಅವನ ಬೆರಳು ಒತ್ತಿದ ಕೂಡಲೇ ನಾನು ಬೆರಳು ಎತ್ತಿದೆ. ಅವನು ತಲೆಯಾಡಿಸಿ ಬರೆದುಕೊಂಡ. ಇನ್ನೂ ಸಣ್ಣದು ಮಾಡಿದ, ಅದನ್ನೂ ಎತ್ತಿದೆ. ಎಡಗಿವಿ, ಬಲಗಿವಿ, ಒಂದನ್ನೂ ಬಿಡಲಿಲ್ಲ. ಮುಗಿಸಿದ ಮೇಲೆ ಅವನು ಬಲಕ್ಕೆ ಕೆಂಪು ಸೊನ್ನೆ, ಎಡಕ್ಕೆ ನೀಲಿ ಗುಣಾಕಾರದ ಗುರುತು ಹಾಕಿದ ಕಾಗದವನ್ನು ಮಾವ್ಶಿಯ ಕೈಗೆ ಕೊಟ್ಟ. ಎಲ್ಲ ಗುರುತುಗಳೂ ಮೇಲ್ಗಡೆ ಒಂದೇ ಸಾಲಿನಲ್ಲಿ, ಅಡಿಕೋಲು ಇಟ್ಟು ಎಳೆದ ಹಾಗೆ. ಡಾಕ್ಟರು ಅದನ್ನು ನೋಡಿ, ಇವಳಿಗೆ ನಮಗಿಂತ ಚೆನ್ನಾಗಿ ಕೇಳ್ತದೆ ಎಂದು ನಕ್ಕರು. ಮಾವ್ಶಿ ಬಸ್ಸಿನಲ್ಲಿ ಇಡೀ ದಾರಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ನನಗೆ ಮಾತ್ರ ರ‍್ಯಾಂಕ್ ಬಂದಷ್ಟು ಖುಷಿ.

ಮನೆಯಲ್ಲಿ ವ್ಹಡ್ಲಿಮಾಂಯ್ ಹೆಸರುಬೇಳೆ, ಬೆಲ್ಲ, ತೆಂಗಿನ ಹಾಲು ಹಾಕಿ ವೊರ್ನ್ ಎಂಬ ಪಾಯಸ ಮಾಡಿದರು. ಪಪ್ಪ ಆ ಕಾಗದವನ್ನು ಪೆಟ್ಟಿಗೆಯಲ್ಲಿ, ಐರಿನಳ ಪ್ರೋಗ್ರೆಸ್ ರಿಪೋರ್ಟುಗಳ ಜೊತೆ ಇಟ್ಟರು. ಇಷ್ಟು ಕಾಲ ನನ್ನ ಮೇಲೆ ಇದ್ದದ್ದು ಬರೀ ಸಂಶಯ. ಈಗ ಅವರ ಕೈಯಲ್ಲಿ ಆಸ್ಪತ್ರೆಯ ಮೊಹರು ಬಿದ್ದ ಪುರಾವೆ. ಕರೆದಾಗ ಬರದಿದ್ದರೆ ಸೊಕ್ಕು. ತಪ್ಪು ಉತ್ತರ ಕೊಟ್ಟರೆ ತಮಾಷೆ ಮಾಡುವುದು. ಎಂತ ಎಂದು ಎರಡನೇ ಸಲ ಕೇಳಿದರೆ ಉದ್ಧಟತನ. ಶಿಕ್ಷೆ ಒಂದೇ, ಆಲ್ತಾರಿನ ಎದುರು ಎರಡೂ ಕೈ ಚಾಚಿ ಮೊಣಕಾಲೂರುವುದು. ಕೆಂಪು ನೆಲ ಮೊದಲು ತಣ್ಣಗಿರುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಮೂಳೆಗೆ ಹತ್ತುತ್ತದೆ. ನಾನು ಅಳುತ್ತಿರಲಿಲ್ಲ. ಯಾಕೆ ಶಿಕ್ಷೆ ಎಂದೇ ಎಷ್ಟೋ ಸಲ ಗೊತ್ತಿರುತ್ತಿರಲಿಲ್ಲ, ಕೇಳಿದರೆ ಅದಕ್ಕೂ ಶಿಕ್ಷೆ. ಶಾಲೆಯಲ್ಲಿ ಟೀಚರ್ ಬೋರ್ಡಿನ ಕಡೆ ತಿರುಗಿ ಪಾಠ ಹೇಳುತ್ತಿದ್ದರು; ಆ ವರ್ಷ ಡಿಕ್ಟೇಶನ್ನಿನಲ್ಲಿ ನನಗೆ ಸೊನ್ನೆ. ಜನರ ಮಾತಿಗಿಂತ ಮುಖವನ್ನು ಮೊದಲು ನೋಡುವ, ನೋಡಿದ್ದನ್ನು ನಂಬದ, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ಈ ನನ್ನ ಸ್ವಭಾವ ಆ ವರ್ಷದ್ದು. ಅದಕ್ಕೆ ಮುಂಚೆ ನಾನು ಸಾಕಷ್ಟು ನಗುವ ಹುಡುಗಿ ಎಂದು ಐರಿನ್ ಹೇಳುತ್ತಾಳೆ.

ನನ್ನ ವಾರ್ಷಿಕ ಪರೀಕ್ಷೆಯ ರಿಪೋರ್ಟು ಬಂದ ದಿನ ಪಪ್ಪ ಊಟದ ಮೇಜಿನಲ್ಲಿ ಗಂಜಿಯ ಬಟ್ಟಲು ಪಕ್ಕಕ್ಕೆ ಸರಿಸಿ ಏನೋ ಹೇಳಿದರು. ಮಾಂಯ್ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಐರಿನ್ ನನ್ನನ್ನು ಕೋಣೆಗೆ ಎಳೆದುಕೊಂಡು ಹೋಗಿ, ನನ್ನ ಗಲ್ಲ ಹಿಡಿದು ಹೇಳಿದಳು:

"ಮಳೆಗಾಲದ ಶಾಲೆ ಶುರುವಾಗುವಾಗ ನಿನ್ನನ್ನು ಬೋರ್ಡಿಂಗಿಗೆ ಹಾಕ್ತಾರಂತೆ. ಶಿಸ್ತು ಕಲಿಯಲಿಕ್ಕೆ."

ಬೋರ್ಡಿಂಗು ಎಂದರೆ ಉದ್ದದ ಕೋಣೆಯಲ್ಲಿ ನಲ್ವತ್ತು ಮಂಚ, ಗಂಟೆ ಹೊಡೆದ ಹಾಗೆ ನಡೆಯುವ ದಿನ, ನಾನು ಓದಲು ಕಲಿಯದ ನೂರು ಹೊಸ ಮುಖ. ಮನೆಯ ನಾಲ್ಕು ಮುಖಗಳನ್ನು ಓದಲು ನನಗೆ ಒಂಬತ್ತು ವರ್ಷ ಬೇಕಾಗಿತ್ತು. ಅಲ್ಲಿ ನಾನು ಉಳಿಯುವುದಿಲ್ಲ ಎಂದು ಖಂಡಿತವಾಗಿ ಅನಿಸಿತು. ಇದು ದೇವರ ಶಿಕ್ಷೆ ಎಂದೂ ಅನಿಸಿತು, ಯಾಕೆಂದರೆ ನಾನು ಪರೀಕ್ಷೆಯಲ್ಲಿ ಕದ್ದಿದ್ದೆ. ಮೇಷ್ಟ್ರ ಮನೆಯಲ್ಲಿ ಇದಕ್ಕಿಂತ ದೊಡ್ಡ ಪಾಪ ಇಲ್ಲ.

ಶನಿವಾರ ಸಂಜೆ ಪಾಪನಿವೇದನೆಗೆ ಹೋಗುವುದು ನಮ್ಮ ಮನೆಯ ಪದ್ಧತಿ. ಮರದ ಗೂಡಿನೊಳಗೆ ಕತ್ತಲಲ್ಲಿ ಪಾದ್ರಿಗಳು ಕೂರುತ್ತಾರೆ, ಪಕ್ಕದ ಜಾಲರಿಗೆ ಬಾಯಿಟ್ಟು ನಾವು ಪಾಪ ಹೇಳಬೇಕು, ಅವರು ಪಿಸುಮಾತಿನಲ್ಲಿ ಬುದ್ಧಿ ಹೇಳಿ ಪ್ರಾಯಶ್ಚಿತ್ತ ಕೊಡುತ್ತಾರೆ. ಮುಖ ಕಾಣುವುದಿಲ್ಲ, ದನಿ ಪಿಸುದನಿ. ನನ್ನ ಕಿವಿಗೆ ಇದಕ್ಕಿಂತ ಖಡಕ್ ಪರೀಕ್ಷೆ ಮಂಗಳೂರಿನಲ್ಲೇ ಇರಲಿಲ್ಲ, ಪ್ರತಿ ವಾರ ಅದರಲ್ಲಿ ಫೇಲಾಗುತ್ತಿದ್ದೆ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಳಗೆ ಪಿಸುಪಿಸು ನಿಂತಿತೆಂದು ಅನಿಸಿದಾಗ ಹೌದು ಫಾದರ್ ಎಂದು ಎದ್ದು ಬಂದು, ಅಂದಾಜಿನಲ್ಲಿ ಮೂರು ಸಲ ಮರಿಯಮ್ಮನ ಪ್ರಾರ್ಥನೆ ಹೇಳಿ ಮುಗಿಸುತ್ತಿದ್ದೆ. ಆ ಶನಿವಾರ ಮಾತ್ರ ಎಲ್ಲವನ್ನೂ ಹೇಳಿದೆ. ಮಿಶನ್ನು, ಗಾಜು, ಬೆರಳು, ಕೇಳದಿದ್ದರೂ ಕೇಳಿತು ಎಂದದ್ದು. ಒಳಗಿನಿಂದ ಏನೋ ಬಂತು. ಹೌದು ಫಾದರ್ ಎಂದೆ. ಮತ್ತೇನೋ ಬಂತು. ಹೌದು ಫಾದರ್. ಮೂರನೇ ಸಲವೂ ಅದನ್ನೇ ಹೇಳಿದಾಗ ಗೂಡಿನ ಬಾಗಿಲು ತೆರೆಯಿತು. ಮುದಿ ಪಾದ್ರಿಗಳು ಹೊರಗೆ ಬಂದು, ನನ್ನ ಎದುರು ಬಗ್ಗಿ, ಬಾಯಿ ಚೆನ್ನಾಗಿ ತೆರೆದು ಮಾತಾಡಿದರು.

"ನಾನು ಒಳಗೆ ಏನು ಕೇಳಿದೆ, ಮಗೂ?"

"ಗೊತ್ತಿಲ್ಲ, ಫಾದರ್."

ಅವರು ಇನ್ನಷ್ಟು ಬಗ್ಗಿ, ನಿಧಾನವಾಗಿ ಹೇಳಿದರು.

"ಇಲ್ಲಿ ಹೇಳಿದ್ದನ್ನು ನಾನು ಹೊರಗೆ ಯಾರಿಗೂ ಹೇಳುವ ಹಾಗಿಲ್ಲ. ನಿನ್ನ ಪಪ್ಪನಿಗೂ ಇಲ್ಲ. ನೀನೇ ಹೇಳಬೇಕು. ಅದೇ ನಿನ್ನ ಪ್ರಾಯಶ್ಚಿತ್ತ."

ನನಗೆ ಕೇಳುವುದಿಲ್ಲ ಎಂದು ಖಚಿತವಾಗಿ ತಿಳಿದ ಮೊದಲ ದೊಡ್ಡ ಮನುಷ್ಯ ಅವರು, ಅವರ ಬಾಯಿಗೇ ಬೀಗ. ನಿಯಮ ನಿಯಮವೇ, ಒಪ್ಪುತ್ತೇನೆ. ಆದರೆ ಅವರು ನಮ್ಮ ಜಗಲಿಗೆ ಬಂದು ಒಂದು ಲೋಟ ಕಾಫಿ ಕುಡಿದು, ಮಗುವಿನ ಕಿವಿ ಇನ್ನೊಮ್ಮೆ ನೋಡಿಸಿ ಎಂದಷ್ಟೇ ಹೇಳಿದ್ದರೆ ಯಾವ ನಿಯಮ ಮುರಿಯುತ್ತಿತ್ತು ಎಂದು ಇವತ್ತಿಗೂ ನಾನು ಜಗಳಕ್ಕೆ ನಿಲ್ಲುತ್ತೇನೆ. ಅವರು ತೀರಿಹೋಗಿ ಎಷ್ಟೋ ಕಾಲವಾಯಿತು, ಜಗಳ ಮಾತ್ರ ಮುಗಿದಿಲ್ಲ.

ಹೇಳಲು ನನಗೆ ನಾಲ್ಕು ದಿನ ಬೇಕಾಯಿತು. ಪಪ್ಪ ಜಗಲಿಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು. ಎದುರು ನಿಂತು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ನನಗೆ ಕೇಳುವುದಿಲ್ಲ ಎಂಬ ಮಾತು ಅವರ ತಲೆಗೆ ಹೋಗಲೇ ಇಲ್ಲ. ಹೋದದ್ದು ಕದ್ದೆ ಎಂಬುದು ಮಾತ್ರ.

"ನೀನು ನೋಡಿ ಬೆರಳು ಎತ್ತಿದ್ದಾ? ನನ್ನ ಮಗಳು?"

"ಹೌದು, ಪಪ್ಪ. ಕೇಳ್ತಾ ಇರಲಿಲ್ಲ."

"ಕೇಳಿತೋ ಇಲ್ಲವೋ ಆಮೇಲಿನ ಮಾತು. ಕಾಪಿ ಹೊಡೆದ ಪೇಪರು ಪೇಪರೇ ಅಲ್ಲ. ಕ್ಯಾನ್ಸಲ್. ಮತ್ತೊಮ್ಮೆ ಕೂರಬೇಕು. ಈ ಸಲ ಸೂಪರ್‌ವಿಜನ್ನಿಗೆ ನಾನೇ ಬರ್ತೇನೆ."

ಮಗಳ ಮೇಲಿನ ಕನಿಕರದಿಂದ ಅಲ್ಲ, ಪರೀಕ್ಷೆಯ ಮೇಲಿನ ಭಕ್ತಿಯಿಂದ ನನಗೆ ಎರಡನೇ ಪರೀಕ್ಷೆ ಸಿಕ್ಕಿತು. ಪಪ್ಪ ಆ ಪೆಟ್ಟಿಗೆ ತೆರೆದು ಮೊದಲ ಕಾಗದವನ್ನು ಹರಿದು ಎಸೆದರು. ಕದಿಯದೆಯೇ ಪಾಸಾಗುತ್ತಿದ್ದವಳು ಸುಮ್ಮನೆ ಕದ್ದಿದ್ದಾಳೆ ಎಂದೇ ಅವರ ಎಣಿಕೆ. ಪಾಸಾದರೆ ಜೂನಿನಲ್ಲಿ ಬೋರ್ಡಿಂಗು ಎಂದು ಮಾವ್ಶಿಗೆ ಪತ್ರ ಹಾಕಿದರು.

ಆಸ್ಪತ್ರೆಗೆ ಪಪ್ಪ ಶಾಲೆಯ ಕೋಟು ಹಾಕಿಕೊಂಡೇ ಬಂದರು. ಕೋಣೆಯೊಳಗೆ ಕಾಲಿಟ್ಟವರೇ ಸುತ್ತ ಕಣ್ಣಾಡಿಸಿದರು. ಕೋಟು ಬಿಚ್ಚಿ ಕಪಾಟಿನ ಗಾಜಿನ ಮೇಲೆ ತೂಗುಹಾಕಿದರು. ನನ್ನ ಕುರ್ಚಿಯನ್ನು ತಿರುಗಿಸಿ ಖಾಲಿ ಗೋಡೆಗೆ ಮುಖ ಮಾಡಿಸಿದರು. ನೆಲದಲ್ಲಿ ನೆರಳು ಬೀಳುತ್ತದಾ ಎಂದು ನೋಡಿ ಕಿಟಕಿ ಮುಚ್ಚಿದರು. ಕೊನೆಗೆ ಅಭ್ಯಾಸಬಲದಿಂದ ನನ್ನ ಎರಡೂ ಅಂಗೈ ಬಿಡಿಸಿ ಚೀಟಿ ಉಂಟಾ ಎಂದೂ ನೋಡಿದರು. ಮಿಶನ್ನಿನ ಹುಡುಗನಿಗೆ ಬೇಸರವಾಯಿತು.

"ಸರ್, ಇದು ಪಬ್ಲಿಕ್ ಪರೀಕ್ಷೆ ಅಲ್ಲ ಮಾರಾಯ್ರೆ."

"ಪರೀಕ್ಷೆ ಪರೀಕ್ಷೆಯೇ. ನೀವು ಶುರು ಮಾಡಿ," ಎಂದು ಪಪ್ಪ ಬಾಗಿಲ ಹತ್ತಿರ ಕೈಕಟ್ಟಿ ನಿಂತರು. ಮಾವ್ಶಿ ಅವರ ಪಕ್ಕದಲ್ಲಿ ನಿಂತಳು.

ನಾನು ಗೋಡೆ ನೋಡುತ್ತಾ ಕೂತೆ. ಮೊದಲ ದಪ್ಪ ಸದ್ದುಗಳು ಬಂದವು, ಬೆರಳು ಎತ್ತಿದೆ. ಆಮೇಲೆ ಸುಮ್ಮನಾಯಿತು. ಅವನು ಬರೆದುಕೊಳ್ಳುತ್ತಿರಬೇಕು ಎಂದುಕೊಂಡೆ. ಸುಣ್ಣದ ಗೋಡೆಯಲ್ಲಿ ಒಂದು ಕಲೆ ಇತ್ತು, ಅದನ್ನೇ ನೋಡಿದೆ. ಬೆನ್ನು ನೆಟ್ಟಗೆ, ಕೈ ತೊಡೆಯ ಮೇಲೆ, ಪಪ್ಪನಿಗೆ ತಪ್ಪು ಹುಡುಕಲು ಏನೂ ಸಿಗಬಾರದು ಎಂಬ ಹಾಗೆ. ಅವತ್ತು ನನ್ನ ಬೆನ್ನ ಹಿಂದೆ ನಡೆದದ್ದನ್ನು ಮಾವ್ಶಿ ಆಮೇಲೆ ನನ್ನನ್ನು ಎದುರು ಕೂರಿಸಿ ಹೇಳಿದಳು. ಹುಡುಗ ಗುಂಡಿ ಒತ್ತಿದ, ನಾನು ಅಲ್ಲಾಡಲಿಲ್ಲ. ಸದ್ದು ಏರಿಸಿದ, ಅಲ್ಲಾಡಲಿಲ್ಲ. ಇನ್ನೂ ಏರಿಸಿದ. ನನ್ನ ತಲೆಯ ಮೇಲಿದ್ದ ಫೋನಿನಿಂದ ಸದ್ದು ಹೊರಗೆ ಸೋರತೊಡಗಿತು, ಸಣ್ಣ ಸೀಟಿಯ ಹಾಗೆ. ಬಾಗಿಲಲ್ಲಿ ನಿಂತವರಿಗೆ ಕೇಳಿತು. ಹೊರಗೆ ಬೆಂಚಿನಲ್ಲಿ ಕೂತಿದ್ದ ಹೆಂಗಸು ತಿರುಗಿ ನೋಡಿದಳು. ಪಪ್ಪ ಒಂದು ಹೆಜ್ಜೆ ಮುಂದೆ ಬಂದರು, ಇನ್ನೊಂದು ಹೆಜ್ಜೆ ಬಂದರು. ನಾನು ಗೋಡೆ ನೋಡುತ್ತಾ ಕೂತೇ ಇದ್ದೆ.

"ಆ ಮಿಶನ್ ಹಾಳಾಗಿದೆ," ಎಂದರಂತೆ ಪಪ್ಪ.

ಹುಡುಗ ನನ್ನ ತಲೆಯಿಂದ ಫೋನು ತೆಗೆದು, ಗುಂಡಿ ಹಾಗೆಯೇ ಒತ್ತಿಹಿಡಿದು, ಅವರ ಕಿವಿಗೆ ಇಟ್ಟ. ಪಪ್ಪ ಬೆಂಕಿ ಮುಟ್ಟಿದವರಂತೆ ಎರಡೂ ಕೈಯಲ್ಲಿ ಅದನ್ನು ಕಿತ್ತು ತೆಗೆದರು. ಮತ್ತೆ ಅದನ್ನೇ ನನ್ನ ತಲೆಗೆ ಹಾಕಿದರು. ಫೋನು ಹಾಕಿದ ಕೈ ಹುಡುಗನದ್ದು ಎಂದುಕೊಂಡೆ. ನನಗೆ ಏನೂ ಕೇಳಲಿಲ್ಲ, ಬೆರಳು ಎತ್ತಲಿಲ್ಲ.

ಡಾಕ್ಟರು ಬಂದು ಕಾಗದ ನೋಡಿದರು. ಈ ಸಲ ಕೆಂಪು ಸೊನ್ನೆಗಳೂ ನೀಲಿ ಗುರುತುಗಳೂ ಎಡಗಡೆ ಸ್ವಲ್ಪ ದೂರ ಸರಿಯಾಗಿ ನಡೆದು, ಆಮೇಲೆ ಗುಡ್ಡದಿಂದ ನದಿಗೆ ಇಳಿಯುವ ದಾರಿಯಂತೆ ಕೆಳಗೆ ಕೆಳಗೆ ಹೋಗಿದ್ದವು. ದಪ್ಪ ಸದ್ದಿಗೆ ಕಿವಿ ಸರಿ ಇದೆ, ತೆಳು ಸದ್ದಿಗೆ ನರವೇ ಕೆಲಸ ಮಾಡುವುದಿಲ್ಲ, ಮದ್ದು ಇಲ್ಲ, ಎದುರು ನಿಂತು ಮಾತಾಡಿ, ಶಾಲೆಯಲ್ಲಿ ಮುಂದಿನ ಬೆಂಚಿಗೆ ಕೂರಿಸಿ ಎಂದರು. ತಟ್ಟೆ ಬಡಿದು, ಚಪ್ಪಾಳೆ ಹೊಡೆದು ನೋಡುವ ಮನೆಗಳಲ್ಲಿ ಇಂಥ ಮಕ್ಕಳು ಯಾವಾಗಲೂ ಸಿಕ್ಕಿಬೀಳುವುದಿಲ್ಲ ಎಂದೂ ಹೇಳಿದರಂತೆ. ಹೊರಗೆ ವರಾಂಡದಲ್ಲಿ ಮಾವ್ಶಿ ಪಪ್ಪನ ಎದುರು ನಿಂತಳು.

"ಈಗ ಹೇಳಿ ಭಾವೋಜಿ, ಬೋರ್ಡಿಂಗಿಗೆ ಕಳಿಸ್ತೀರಾ?"

ಪಪ್ಪ ಇಲ್ಲ ಎಂದು ತಲೆಯಾಡಿಸಿದರು. ಅದು ನನಗೆ ಕಂಡಿತು, ಅಷ್ಟು ಸಾಕಿತ್ತು. ಆಮೇಲೆ ಅವರು ನನ್ನ ಕಡೆ ತಿರುಗಿದರು. ಕೋಟು ಕೈಯಲ್ಲೇ ಇತ್ತು. ವರಾಂಡದ ನೆಲದಲ್ಲಿ, ಬಂದುಹೋಗುವವರ ನಡುವೆಯೇ, ನನ್ನ ಎದುರು ಕುಕ್ಕರಗಾಲಿನಲ್ಲಿ ಕೂತರು. ಅವರ ಮುಖ ನನ್ನ ಮುಖದ ಮಟ್ಟಕ್ಕೆ ಬಂದದ್ದು ಅದೇ ಮೊದಲು. ಅವರು ಮಾತಾಡತೊಡಗಿದರು. ಬಹಳ ಹೊತ್ತು ಮಾತಾಡಿದರು. ಅವರ ತುಟಿ ನಡುಗುತ್ತಿತ್ತು, ಮೀಸೆಯ ಕೆಳಗೆ ಒಂದು ಮಾತೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ನಾನು ಜೀವ ಕಣ್ಣಿಗೆ ತಂದು ನೋಡಿದೆ, ಏನೂ ಓದಲಾಗಲಿಲ್ಲ. ಬೇರೆ ದಿನವಾಗಿದ್ದರೆ ಹೌದು ಎಂದುಬಿಡುತ್ತಿದ್ದೆ. ಅವತ್ತು ನಿಜ ಹೇಳಿದೆ.

"ಕೇಳಲಿಲ್ಲ, ಪಪ್ಪ. ಇನ್ನೊಮ್ಮೆ ಹೇಳಿ."

ಅವರು ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. ಎದ್ದು ನಿಂತು ಕೋಟು ಹಾಕಿಕೊಂಡರು. ಆಮೇಲೆ ಬಗ್ಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ, ನನಗೆ ಸ್ಪಷ್ಟವಾಗಿ ಕಾಣುವ ಹಾಗೆ ಹೇಳಿದರು.

"ಬಾ, ಮನೆಗೆ ಹೋಗುವ."

ಮೊದಲು ಹೇಳಿದ್ದು ಇದಲ್ಲ. ಅದು ಉದ್ದವಿತ್ತು. ಮಾವ್ಶಿಗೂ ಅದು ಕೇಳಿಸಿರಲಿಲ್ಲ, ಅಷ್ಟರಲ್ಲಿ ಅವಳು ಡಾಕ್ಟರ ಚೀಟಿ ತರಲು ಒಳಗೆ ಹೋಗಿದ್ದಳು. ದೊಡ್ಡವಳಾದ ಮೇಲೆ ನಾನು ಪಪ್ಪನನ್ನು ಎಷ್ಟೋ ಸಲ ಕೇಳಿದೆ, ಅವರು ಹಾಸಿಗೆ ಹಿಡಿದ ಮೇಲೂ ಕೇಳಿದೆ. ಪ್ರತಿ ಸಲವೂ ನನ್ನ ಮುಖ ನೋಡಿ, ನಿಧಾನವಾಗಿ, ಬಿಡಿಸಿ ಬಿಡಿಸಿ, ಮನೆಗೆ ಹೋಗುವ ಎಂದೇ ಹೇಳಿದ್ದು ಎಂದರು.